ಮಾವನ ಪ್ರಸಂಗಕ್ಕೆ ಹೊಸ ವಿಂಡೋಸ್ ಬೇಕಾ?

ಮೊನ್ನೆ ನಮ್ಮ ಮಾವ ಕಂಪ್ಯೂಟರಿನ ಮೌಸನ್ನು ಕಿಸೆಗೆ ಹಾಕಿಕೊಂಡು ಮೀನು ತರಲು ಹೋದರು.

ತಮಾಷೆ ಅಲ್ಲ. ವೈರ್ ಇರುವ ಹಳೇ ಮೌಸ್. ಅದರ ಬಾಲ ಅಂಗಿ ಕಿಸೆಯಿಂದ ಹೊರಗೆ ನೇತಾಡುತ್ತಿತ್ತು. ಮೀನು ಮಾರುವಾಕೆ, "ಎಂತ ಮರ್ರೆ, ಕಿಸಿಯೊಳ್ಗೆ ಇಲಿ ಹಾಯ್ಕಂಡ್ ಬಂದ್ರಿಯಾ?" ಎಂದು ಕೇಳಿದಳಂತೆ.

"ಹೌದ್, ಮನೆಯಲ್ ಒಂದ್ ಬೆಕ್ಕ್ ಇತ್ತ್. ಅದ್ಕೇ" ಅಂದರಂತೆ ಮಾವ.

ಆ ಬೆಕ್ಕು ಬೇರೆ ಯಾರೂ ಅಲ್ಲ. ನಾನು.

ನಾನು ಮಾಡಿದ ಅಪರಾಧ ಇಷ್ಟೇ. ಬೆಳಿಗ್ಗೆ ಚಾ ಕುಡಿಯುವಾಗ, "ಮಾವ, ಇವತ್ತು ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕುವ" ಅಂದಿದ್ದೆ. ನಿಮ್ಮ ಮನೆಯಲ್ಲೂ ಆ ಮೆಸೇಜ್ ಬಂದಿರಬಹುದು. ವಿಂಡೋಸ್ ಹತ್ತರ ಕಾಲ ಮುಗಿಯಿತು, ಇನ್ನು ಹನ್ನೊಂದಕ್ಕೆ ಬನ್ನಿ ಅಂತ. ಮಾವ ಅದನ್ನು ನೊಣ ಓಡಿಸಿದ ಹಾಗೆ ಓಡಿಸುತ್ತಾರೆ. ನನಗೋ, ಹೊಸತು ಅಂದರೆ ಕೈ ತುರಿಸುತ್ತದೆ. ಹೊಸ ಬಣ್ಣ, ಹೊಸ ಬಟನ್, ಎಲ್ಲೆಲ್ಲಿ ಏನೇನು ಅಡಗಿದೆಯೋ ಎಂಬ ಕುತೂಹಲ. (ಫೋನಿನ ಅಪ್‌ಡೇಟ್ ಬಂದ ದಿನ ನಾನು ಸಾರಿಗೆ ಉಪ್ಪು ಹಾಕುವುದನ್ನೂ ಮರೆಯುತ್ತೇನೆ. ಗಂಡನನ್ನು ಕೇಳಿ.)

ಆದರೆ ಮಾವನ ಹೆದರಿಕೆಗೂ ಕಾರಣ ಇತ್ತು.

ಮಾವ ಮುಂಬೈಯಲ್ಲಿ ಹೋಟೆಲ್ ನಡೆಸಿದವರು. ಅದನ್ನು ಬಿಟ್ಟು ಬಸ್ರೂರಿಗೆ ಬಂದು ನೆಲೆಸಿದ ಮೇಲೆ ಅವರು ಹಿಡಿದ ಕೆಲಸ ಒಂದೇ, ಯಕ್ಷಗಾನ ಪ್ರಸಂಗ ಬರೆಯುವುದು. ಅದೂ ಕಂಪ್ಯೂಟರಿನಲ್ಲಿ, ಎರಡೇ ಬೆರಳಲ್ಲಿ, ಬಾಯಲ್ಲಿ ತಾಳ ಹಾಕುತ್ತಾ. ಕಥೆ ನಮ್ಮ ಬಸ್ರೂರಿನದ್ದೇ, ಇದು ದೊಡ್ಡ ಬಂದರಾಗಿದ್ದ ಕಾಲದ್ದು. ಒಬ್ಬ ವ್ಯಾಪಾರಿ ಹಡಗು ಹತ್ತಿ ಹೋಗುತ್ತಾನೆ, ವರ್ಷಗಟ್ಟಲೆ ಬರುವುದಿಲ್ಲ. ಇಲ್ಲಿ ಅವನ ಹೆಂಡತಿ ಬಂದರನ್ನು ನಡೆಸುತ್ತಾಳೆ, ಕಡಲ್ಗಳ್ಳರನ್ನೂ ಓಡಿಸುತ್ತಾಳೆ. ಎಲ್ಲ ಮಾವನ ಕಲ್ಪನೆ. ಪ್ರಸಂಗದ ಹೆಸರು ಮಾತ್ರ ಕೇಳಬೇಡಿ. ವಾರಕ್ಕೊಂದು ಬದಲಾಗುತ್ತದೆ.

ಇದನ್ನೆಲ್ಲ ಅವರು ಟೈಪ್ ಮಾಡಿದ್ದು ಓಬೀರಾಯನ ಕಾಲದ ಒಂದು ಕನ್ನಡ ತಂತ್ರಾಂಶದಲ್ಲಿ. ಅದನ್ನು ಮಾಡಿದವರೂ ಅದನ್ನು ಮರೆತಿರಬೇಕು. ಕುಂದಾಪುರದ ಕಂಪ್ಯೂಟರ್ ಅಂಗಡಿಯವರನ್ನು ಕೇಳಿದರೆ, "ಹೊಸತರಲ್ಲಿ ಅದು ಓಡಿದರೂ ಓಡಬಹುದು, ಓಡದೆಯೂ ಇರಬಹುದು ಮೇಡಂ" ಅಂದರು.

ಮಾವನಿಗೆ ಕೇಳಿಸಿದ್ದು ಎರಡನೇ ಅರ್ಧ ಮಾತ್ರ.

"ಪ್ರಸಂಗ ಹೋರೆ ಎಂತ ಮಾಡುದ್? ನೀನ್ ಬರ್ದ್ ಕೊಡ್ತ್ಯಾ?"

ಅಂಕಣ ಬರೆಯುವವಳಿಗೆ ಭಾಮಿನಿ ಷಟ್ಪದಿ ಬರುತ್ತದೆಯೇ?

ಮೀನು ಬಂತು, ಮೌಸೂ ಬಂತು. ವಿಷಯ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಮಧ್ಯಾಹ್ನ ಬಿಜೂರಿನಿಂದ ಫೋನ್ ಬಂತು. ಅಲ್ಲಿಯ ಹವ್ಯಾಸಿ ಯಕ್ಷಗಾನ ತಂಡದಲ್ಲಿ ಪದ್ಯ ಹಾಡುವ ಭಾಗವತರು. ಮಾವನ ಹಳೇ ಸ್ನೇಹಿತರು.

"ಹ್ವಾಯ್, ಈ ಸಲ ನಿಮ್ ಪ್ರಸಂಗ್ವೇ ಆಡುದ್ ಅಂದ್ ತೀರ್ಮಾನ ಆಯ್ತ್. ಈಗ್ಳೇ ಕಳ್ಸಿ!"

ಮಾವ ಕುರ್ಚಿಯಿಂದ ಎದ್ದೇ ಬಿಟ್ಟರು. ಊಟದ ಕೈ ತೊಳೆದಿರಲಿಲ್ಲ. ಅತ್ತೆಯನ್ನು ಕರೆದರು, ನನ್ನನ್ನು ಕರೆದರು, ಪಕ್ಕದ ಮನೆಯವರನ್ನು ಬೇಲಿಯ ಹತ್ತಿರ ಕರೆದರು. ಎಷ್ಟೋ ವರ್ಷ ಬರೆದದ್ದು ಕೊನೆಗೂ ರಂಗಕ್ಕೆ ಹೋಗುವುದೆಂದರೆ ಸಣ್ಣ ಮಾತೇ? ನನಗೇ ರೋಮಾಂಚನ. ಫೈಲನ್ನು ವಾಟ್ಸಾಪಿನಲ್ಲಿ ಕಳಿಸಿದೆವು.

ಸ್ವಲ್ಪ ಹೊತ್ತಿಗೆ ಮತ್ತೆ ಫೋನ್.

"ಇದ್ ಎಂತ ಮರ್ರೆ? ಒಂದಕ್ಷರ ಕನ್ನಡ ಇಲ್ಲೆ!"

ಭಾಗವತರ ಮೊಬೈಲಿನಲ್ಲಿ ಗಣಪತಿ ಸ್ತುತಿಯ ಜಾಗದಲ್ಲಿ ಟೋಪಿ ಹಾಕಿದ ಎ-ಗಳು, ಪೌಂಡಿನ ಗುರುತುಗಳು, ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳು. ಕಾರಣ ನನಗೆ ಹೊಳೆಯಿತು. ಮಾವ ಬಳಸುವ ಹಳೇ ಫಾಂಟು ಬರೀ ವೇಷ. ಒಳಗಿರುವುದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ಬಣ್ಣ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ. ಹೊರಗೆ ಹೋದರೆ ಬಣ್ಣ ಕಳಚುತ್ತದೆ.

"ಪ್ರಿಂಟ್ ತೆಗ್ದ್ ಕೊಟ್ರೆ ಆಯ್ತಲೆ" ಅಂದರು ಮಾವ.

"ಎಲ್ಲ ವೇಷಧಾರಿಗಳೂ ಮೊಬೈಲಲ್ಲಿ ಕೇಳ್ತಾರಂತೆ ಮಾವ. ಅದೂ ಅಲ್ಲದೆ, ನಿಮ್ಮ ಪ್ರಸಂಗ ಇಡೀ ಲೋಕದಲ್ಲಿ ಈ ಒಂದು ಡಬ್ಬಿಯೊಳಗೆ ಮಾತ್ರ ಕನ್ನಡದಲ್ಲಿದೆ. ಈ ಡಬ್ಬಿ ಕೆಟ್ಟರೆ?"

ಮಾವ ಕಂಪ್ಯೂಟರನ್ನು ನೋಡಿದರು. ಮೊದಲ ಬಾರಿ ಅವರಿಗೆ ಹೆದರಿಕೆ ನನ್ನದಲ್ಲ, ಅದರದ್ದು.

ಕೊನೆಗೆ ಒಂದು ಕರಾರು ಆಯಿತು. ಮೊದಲು ಪ್ರಸಂಗವನ್ನು ಎಲ್ಲ ಕಡೆ ತೆರೆಯುವ ಯೂನಿಕೋಡ್ ಅಕ್ಷರಕ್ಕೆ ಬದಲಾಯಿಸುವುದು. ಒಂದಕ್ಷರವೂ ಕಳೆದುಹೋಗಿಲ್ಲ ಅಂತ ಮಾವ ಒಪ್ಪಿದ ಮೇಲೆ ಮಾತ್ರ ಹೊಸ ವಿಂಡೋಸಿನ ಮಾತು. ಪೆನ್‌ಡ್ರೈವಿಗೂ ಒಂದು ಪ್ರತಿ ಹಾಕಿ ಕೊಟ್ಟೆ. ಮಾವ ಅದನ್ನು ದೇವರ ಕೋಣೆಯಲ್ಲಿಟ್ಟು ಒಂದು ದಾಸವಾಳವನ್ನೂ ಇಟ್ಟರು.

ಅಕ್ಷರ ಬದಲಾಯಿಸುವ ಉಪಕರಣ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಹಾಕಿದೆ, ಒತ್ತಿದೆ. ಕಣ್ಣೆದುರೇ ಟೋಪಿ ಎ-ಗಳೆಲ್ಲ ಮಾಯ. ಕನ್ನಡ! ನಾನು ಕೂಗಿದ ಕೂಗಿಗೆ ಅತ್ತೆ ಅಡುಗೆಮನೆಯಿಂದ ಓಡಿ ಬಂದರು.

ಆದರೆ ಅರ್ಕಾವೊತ್ತು ಅಲ್ಲಲ್ಲಿ ಹಾರಿ ಕೂತಿತ್ತು. ಹಡಗು ಹತ್ತಿ ಹೋದ ವ್ಯಾಪಾರಿ ಸೂರ್ಯ ಶೆಟ್ಟಿ 'ಸೂಯರ್ ಶೆಟ್ಟಿ' ಆಗಿದ್ದ. ಧೈರ್ಯ ಎಲ್ಲ 'ಧೈಯರ್'. ಮಾವ ತಲೆ ಮೇಲೆ ಕೈ ಹೊತ್ತರು. "ಕಾಣ್, ನಾನ್ ಹೇಳಿದ್ದಲ್ದಾ?"

ಸರಿ, ತಿದ್ದಲು ಕೂತೆವು. ಮಾವ ಒಂದೊಂದೇ ಪದ್ಯ ಹಾಡುವುದು, ನಾನು ಪರದೆಯಲ್ಲಿ ನೋಡಿ ತಿದ್ದುವುದು. ಹಾಡದೆ ಬರೀ ಓದಿದರೆ ಅವರಿಗೆ ತಪ್ಪು ಗೊತ್ತಾಗುವುದಿಲ್ಲ! ದಿನವೂ ಸಂಜೆ ನಮ್ಮ ಜಗಲಿಯಲ್ಲಿ ಪ್ರಸಂಗ. ತನ್ನ ಅಂಗಡಿ ಮುಚ್ಚಿ ಬಂದ ನನ್ನ ಗಂಡ ಸ್ಟೀಲ್ ಡಬ್ಬಿಯನ್ನೇ ಚಂಡೆ ಮಾಡಿಕೊಂಡ. ಅತ್ತೆ ಪಕ್ಕದಲ್ಲಿ ಅಲಸಂಡೆ ಮುರಿಯುತ್ತಾ ಕೂರುತ್ತಿದ್ದರು. ಮಾವ ಇಷ್ಟು ವರ್ಷ ಬರೆದದ್ದನ್ನು ಅತ್ತೆ ಪೂರ್ತಿಯಾಗಿ ಕೇಳಿದ್ದು ಆಗಲೇ.

ಕೊನೆಯ ಭಾಗ ಬಂತು. ಹಡಗು ಬಂತು. ವ್ಯಾಪಾರಿ ಇಳಿದ. ಹೆಂಡತಿ ಓಡಿ ಬಂದು "ಪ್ರಾಣನಾಥ, ನಿನ್ನ ಪಾದಧೂಳಿಯೇ ನನಗೆ ಸ್ವರ್ಗ" ಎಂದು ಹಾಡುತ್ತಾಳೆ. ಮಾವ ಕಣ್ಣು ಮುಚ್ಚಿ ಎಳೆದೆಳೆದು ಹಾಡಿದರು.

"ಹೀಂಗ್ ಅಂಬಳಾ?" ಅಂದರು ಅತ್ತೆ.

ಮಾವ ಕಣ್ಣು ಬಿಟ್ಟರು.

"ಇಷ್ಟ್ ವರ್ಷ ಬಂದರ್ ನಡ್ಸದ್ದ್ ಇವ್ಳೇ ಅಲ್ದಾ? ಕಳ್ಳರ್ನ ಓಡ್ಸದ್ದೂ ಇವ್ಳೇ. ಗಂಡ ಬಂದ ಕೂಡ್ಲೆ ಬುದ್ಧಿ ಎಲ್ ಹೋಯ್ತ್? ಮೊದ್ಲ್ ನೀರ್ ಕೊಡುದ್. ಮತ್ತೆ, ಇಷ್ಟ್ ದಿನ ಎಲ್ಲಿದ್ರಿ ಅಂದ್ ಕೇಂಬುದ್."

ಚಂಡೆ ನಿಂತಿತು. ಮಾವ ಮುಂಬೈಯಲ್ಲಿದ್ದಷ್ಟು ಕಾಲ ಇಲ್ಲಿ ಗದ್ದೆ, ಮಕ್ಕಳು, ದನದ ಹಟ್ಟಿ ಎಲ್ಲ ನೋಡಿಕೊಂಡವರು ಅತ್ತೆ. ಯಾರೂ ಅದನ್ನು ಎತ್ತಲಿಲ್ಲ. ಅತ್ತೆಯೂ ಎತ್ತಲಿಲ್ಲ. ಅಲಸಂಡೆ ಎತ್ತಿಕೊಂಡು ಒಳಗೆ ಹೋದರು.

ಮಾವ ಎದ್ದು ಅಂಗಳಕ್ಕೆ ಇಳಿದರು. ಸಿಟ್ಟು ಬಂತೇನೋ ಅಂದುಕೊಂಡೆ.

ಮರುದಿನ ಬೆಳಿಗ್ಗೆ ನಾನು ಚಾ ತರುವಷ್ಟರಲ್ಲಿ ಅವರು ಕಂಪ್ಯೂಟರಿನ ಮುಂದಿದ್ದರು.

"ಆ ಪದ್ಯ ಬೇರೆ ಬರಿಕ್. ಹಳೇದ್ರಲ್ ಬರ್ದ್ರೆ ಮತ್ತೆ ಟೋಪಿ, ಮತ್ತೆ ಸೂಯರ್. ಅದೆಂತ ಹೊಸತ್ ಅಂದ್ಯಲ್ದಾ, ಹಾಕ್ ಕಾಂಬ. ಬರುದಾರೆ ಹೊಸದ್ರಲ್ಲೇ ಬರೂದ್."

ನಾನು ಚಾ ಲೋಟ ಎಲ್ಲಿಟ್ಟೆನೋ ನೆನಪಿಲ್ಲ!

ಬಟನ್ ನಾನು ಒತ್ತಲಿಲ್ಲ. ಮಾವನೇ ಒತ್ತಿದರು. ಡೌನ್‌ಲೋಡ್ ಆಗುತ್ತಾ ಹೋಯಿತು. ನಡುವೆ ಪರದೆ ಒಮ್ಮೆ ಪೂರ್ತಿ ಕಪ್ಪಾಯಿತು. ಮಾವ ನನ್ನ ಕೈ ಹಿಡಿದರು. "ಹೋಯ್ತಾ?" "ಇಲ್ಲ ಮಾವ, ಈಗ ಬತ್ತ್." ಬಂತು. ನೀಲಿ ಬಣ್ಣ, ದುಂಡು ಮೂಲೆಗಳು, ಎಡ ಮೂಲೆಯಲ್ಲಿದ್ದ ಬಟನ್ ನಡುವಿಗೆ ಬಂದಿತ್ತು. ಹೊಸ ಮನೆಯ ಗೃಹಪ್ರವೇಶಕ್ಕೆ ಹೋದವರ ಹಾಗೆ ನಾವಿಬ್ಬರೂ ಕೋಣೆ ಕೋಣೆ ಹೊಕ್ಕು ನೋಡಿದೆವು.

ಹಳೇ ತಂತ್ರಾಂಶ? ತೆರೆಯಲೇ ಇಲ್ಲ. ಮಾವ ಎರಡು ಸಲ ಒತ್ತಿ ನೋಡಿದರು. ಮುಖ ಸಣ್ಣದಾಯಿತು. ನನಗೂ ಒಳಗೊಳಗೇ ಕಸಿವಿಸಿ. ಎಷ್ಟು ವರ್ಷದ ಒಡನಾಟ ಅದು! ಆದರೆ ತಿದ್ದಿದ ಪ್ರಸಂಗದ ಫೈಲನ್ನು ತೆರೆದು ತೋರಿಸಿದೆ. ಗಣಪತಿ ಸ್ತುತಿಯಿಂದ ಹಿಡಿದು ಒಂದೊಂದಕ್ಷರವೂ ಇತ್ತು. ಸೂರ್ಯ ಶೆಟ್ಟಿ ಸೂರ್ಯ ಶೆಟ್ಟಿಯೇ ಆಗಿದ್ದ.

ಕೀಲಿಗಳು ಸ್ವಲ್ಪ ಬೇರೆ. ಮಾವ ತಡವರಿಸಿದರು, ಬೈದರು, ಮತ್ತೆ ಒತ್ತಿದರು. ಮಧ್ಯಾಹ್ನದ ಹೊತ್ತಿಗೆ ಹೊಸ ಪದ್ಯ ತಯಾರು.

"ಬಂದಿರೇ, ಬನ್ನಿ, ಕುಳ್ಳಿರಿ, ದಣಿವನಾರಿಸಿಕೊಳ್ಳಿರಿ
ಬಂದರವ ನಾ ಕಾದೆನಿಲ್ಲಿ, ನೀವು ಯಾರ ಕಾದಿರಿ?"

ಬಿಜೂರಿಗೆ ಕಳಿಸಿದೆವು. ಈ ಸಲ ಫೋನ್ ಬಂದಾಗ ಭಾಗವತರು ಹಲೋ ಕೂಡ ಹೇಳಲಿಲ್ಲ. ನೇರ ಪದ್ಯವೇ ಶುರು. ಸ್ಪೀಕರ್ ಹಾಕಿದೆ. ಅವರ ಸ್ವರದಲ್ಲಿ ಆ ಎರಡು ಸಾಲು ಇಡೀ ಮನೆ ತುಂಬಿತು. ಮಾವ ಕಣ್ಣೊರೆಸಿಕೊಂಡರು.

"ಅಬ್ಬ, ಎಂಥ ಪದ್ಯ ಮರ್ರೆ! ಇದ್ ನಿಮ್ಗೆ ಹ್ಯಾಂಗ್ ಹೊಳೀತ್?"

"ನಂಗಲ್ಲ. ನಮ್ ಮನಿಯವ್ರಿಗೆ" ಅಂದರು ಮಾವ.

ಅತ್ತೆ ಸೆರಗಲ್ಲಿ ಕೈ ಒರೆಸುತ್ತಾ ಬಂದು ಫೋನಿನ ಹತ್ತಿರ ಬಗ್ಗಿದರು. "ಹ್ವಾಯ್ ಭಾಗವತ್ರೇ, ಆ ಹೆಂಗ್ಸಿನ್ ಪಾರ್ಟ್ ಯಾರ್ ಮಾಡುದ್?"

"ಇನ್ನೂ ಹುಡುಕ್ತಾ ಇದ್ದೊ ಅಮ್ಮ. ನಮ್ಮಲ್ ಸ್ತ್ರೀವೇಷಕ್ಕೇ ಜನ ಇಲ್ಲೆ."

"ನಾನ್ ಮಾಡ್ರೆ ಆತಿಲ್ಯಾ?"

ಈ ಕಡೆ ಮಾವನ ಬಾಯಿ ತೆರೆದದ್ದು ತೆರೆದೇ ಇತ್ತು. ಆ ಕಡೆಯಿಂದ ಭಾಗವತರ ದೊಡ್ಡ ನಗು ಕೇಳಿತು. "ಬನ್ನಿ ಅಮ್ಮ, ಸೋಮವಾರ್ದಿಂದ ಹೆಜ್ಜೆ ಕಲೂಕೆ ಬನ್ನಿ!"

ಅತ್ತೆ ಆಗಲೇ ಬಿಜೂರಿನ ಬಸ್ಸಿನ ಟೈಮ್ ವಿಚಾರಿಸಿಟ್ಟಿದ್ದಾರೆ. ಹೆಜ್ಜೆ ಕಲಿಯುವ ದಿನಗಳಲ್ಲಿ ಅಡುಗೆ ಯಾರದ್ದು ಎಂದು ಕೇಳುವ ಧೈರ್ಯ ಮಾತ್ರ ನಮ್ಮ ಮನೆಯ ಗಂಡಸರಿಗೆ ಇನ್ನೂ ಬಂದಿಲ್ಲ.