ಸುಣ್ಣದ ಗೆರೆಯ ಅಡುಗೆಮನೆ

ಗೆಳೆಯರೇ, ಇವತ್ತು ಬೆಳಿಗ್ಗೆ ನನ್ನ ರಾಜ್ಯ ಎರಡು ಅಡಿ ಕಿರಿದಾಯಿತು!

ಗಣಿಸೀಮೆಯ ವಡ್ಡು ಗ್ರಾಮದ ನಮ್ಮ ಹೊಲದಂಚಿನಲ್ಲಿ ಮನೆ ಕಟ್ಟಿಸಲಿದ್ದೇವೆ. ಮೇಸ್ತ್ರಿ ನೆಲದ ಮೇಲೆ ಸುಣ್ಣದ ಪುಡಿಯಿಂದ ಕೋಣೆಗಳ ಗೆರೆ ಎಳೆದಿದ್ದ. ನಾನು ಪಡಸಾಲೆಯ ಗೆರೆಯೊಳಗೆ ನಿಂತು, "ಯಾರಲ್ಲಿ!" ಎಂದು ಗರ್ಜಿಸಿದೆ. ಊರ ನಾಟಕಗಳಲ್ಲಿ ನಾನು ರಾಜನ ಪಾತ್ರಧಾರಿ; ತಾಲೀಮಿಗೆಂದೇ ಅಷ್ಟು ದೊಡ್ಡ ಪಡಸಾಲೆ ಕೇಳಿದ್ದೆ.

ಹೆಂಡತಿ ಅಡುಗೆಮನೆಯ ಗೆರೆಯೊಳಗೆ ಹೋಗಿ ಇಲ್ಲದ ಒಲೆಯ ಮುಂದೆ ನಿಂತಳು. ಇಲ್ಲದ ರೊಟ್ಟಿ ಬಡಿದಳು. ಇಲ್ಲದ ಕೊಡ ಎತ್ತಿ ತಿರುಗುವಾಗ ಅವಳ ಕಾಲು ತಾಗಿ ಗೆರೆ ಅಳಿಸಿಹೋಯಿತು.

"ಅಕ್ಕಾರ, ಗ್ವಾಡಿ ಒದ್ದುಬಿಟ್ರಲ್ರೀ!" ಎಂದು ಮೇಸ್ತ್ರಿ ನಕ್ಕ.

"ನಾ ಒದ್ದಿಲ್ಲಪ್ಪ, ಅದ ನನಗ ಬಡೀತು. ದಿನಾ ಹಿಂಗ ಬಡಿಸ್ಕೊಂತ ಅಡಗಿ ಮಾಡ್ಲೇನು?"

"ಹಂಗಾರ ಮನೀನ ಎರಡಡಿ ಹಿಗ್ಗಸಪ್ಪಾ," ಎಂದೆ, ದಾನಶೂರನ ಠೀವಿಯಲ್ಲಿ.

"ಯಾವುದ್ರಾಗ ಹಿಗ್ಗಸ್ಲಿ ಸರ? ಲಾರಿ ಎಲ್ಲಾ ಅದಿರು ಹೊರಾಕ ಹೋಗ್ಯಾವು. ಕಲ್ಲು, ಉಸುಕು ತರೋ ಬಾಡಿಗಿ ಡಬಲ್ ಆಗೈತಿ. ನಿಮ್ಮ ರೊಕ್ಕಕ್ಕ ಪಾಯಾ ಇಷ್ಟ. ಒಳಗಿಂದೊಳಗ ಹಂಚ್ಕೋರಿ."

ಇಬ್ಬರೂ ನನ್ನ ಪಡಸಾಲೆಯನ್ನೇ ನೋಡಿದರು. ಹಳೆಯ ಮನೆಯ ಇಕ್ಕಟ್ಟಿನಲ್ಲಿ ಅವಳು ಮಾಡಿದ್ದನ್ನು ಮೂವತ್ತು ವರ್ಷ ಉಂಡಿದ್ದೇನೆ. ಮಾಡುವುದನ್ನು ನಿಂತು ನೋಡಿದ್ದು ಇವತ್ತೇ, ಅದೂ ಗೋಡೆಯಿಲ್ಲದ ಬಯಲಿನಲ್ಲಿ.

"ಗೆರಿ ಈ ಕಡೆ ಸರಸಪ್ಪಾ," ಎಂದೆ.

ಇನ್ನು ಮೇಲೆ ತಾಲೀಮಿನ ಯುದ್ಧಗಳೆಲ್ಲ ಅಂಗಳದಲ್ಲೇ ನಡೆಯಬೇಕು. ಪಡಸಾಲೆಯಲ್ಲಿ ಉಳಿದಿರುವುದು ಸಂಧಾನಕ್ಕಾಗುವಷ್ಟು ಜಾಗ ಮಾತ್ರ.