ಕಿಟಕಿ ಕಟ್ಟೆಯ ಗಾಜಿನ ಲೋಟ

ಸಿಂಗಾಪುರದ ಯಿಶುನ್‌ನಲ್ಲಿರುವ ನಮ್ಮ ಬ್ಲಾಕಿನ ಲಿಫ್ಟನ್ನು ಬೆಳಗ್ಗೆ ಫಿನಾಯಿಲ್ ಹಾಕಿ ಒರೆಸುತ್ತಾರೆ. ಕೆಲಸಕ್ಕೆ ಹೊರಟಾಗ ಆ ವಾಸನೆ ಮೂಗಿಗೆ ಬಡಿದರೆ ಸಾಕು, ಆಂಗ್ ಮೋ ಕಿಯೋದ ನಮ್ಮ ಹಳೆಯ ಫ್ಲಾಟಿನ ಅಡುಗೆಮನೆಯಲ್ಲಿ ನಿಂತಿರುತ್ತೇನೆ. ನನಗೆ ಒಂಬತ್ತು ವರ್ಷ. ಒಲೆಯ ಮೇಲೆ ಪಾತ್ರೆ ತೊಳೆಯಲು ಇಟ್ಟ ನೀರು ಕುದಿಯುತ್ತಿದೆ, ನೆಲವನ್ನು ಆಗಲೇ ಎರಡು ಸಲ ಒರೆಸಿಯಾಗಿದೆ, ಕಿಟಕಿ ಕಟ್ಟೆಯ ಮೇಲೆ ಒಂದೇ ಒಂದು ಗಾಜಿನ ಲೋಟ ಕೂತಿದೆ. ಬಾಲ್ಯದ ವಾಸನೆ ಎಂದರೆ ಜನ ಒಗ್ಗರಣೆ, ಮಲ್ಲಿಗೆ ಎಂದು ಕಣ್ಣರಳಿಸುತ್ತಾರೆ. ನನಗೆ ಮೈ ಉರಿಯುತ್ತದೆ. ಇಷ್ಟು ವರ್ಷವಾದರೂ ಉರಿಯುತ್ತದೆ.

ಆ ವರ್ಷ ಅಮ್ಮನಿಗೆ ಕ್ಷಯ ಬಂದಿತ್ತು. ಅಪ್ಪ ಇಂಜಿನಿಯರ್, ವಾರವೆಲ್ಲ ಸೈಟಿನಲ್ಲಿ. ಮನೆ ನೋಡಿಕೊಳ್ಳಲು ಅಪ್ಪನ ತಾಯಿ, ನಮ್ಮ ಅಜ್ಜಿ, ಮೈಸೂರಿನಿಂದ ಬಂದರು. ನಮ್ಮಲ್ಲಿ ಲೋಟಗಳೆಲ್ಲ ಸ್ಟೀಲು. ಅವುಗಳಲ್ಲಿ ಬೆರೆತುಹೋಗಬಾರದೆಂದು ಅಜ್ಜಿ ಒಂದು ಗಾಜಿನ ಲೋಟ ತರಿಸಿ ಅಮ್ಮನ ಕೈಗಿಟ್ಟರು. "ಮಗು ಇರೋ ಮನೆ ಕಣಮ್ಮಾ. ವಾಸಿ ಆಗೋವರ್ಗೂ ಅಡ್ಜಸ್ಟ್ ಮಾಡ್ಕೋ." ಅದು ತಪ್ಪಲ್ಲ, ಮೊದಲ ಕೆಲವು ವಾರ ಯಾರಾದರೂ ಹೆದರುತ್ತಾರೆ. ಆದರೆ ಮಾತ್ರೆ ಶುರುವಾಗಿ ಆ ವಾರಗಳು ಕಳೆದ ಮೇಲೆ, ಇನ್ನು ಇವರಿಂದ ಯಾರಿಗೂ ಹರಡುವುದಿಲ್ಲ, ಎಲ್ಲರ ಜೊತೆ ಕೂತು ಊಟ ಮಾಡಲಿ ಎಂದು ಡಾಕ್ಟರು ಅಜ್ಜಿಯ ಮುಂದೆಯೇ ಹೇಳಿದರು. ಅಜ್ಜಿ ಹೂಂ ಎಂದರು. ಮನೆಗೆ ಬಂದು ಲೋಟವನ್ನು ಮತ್ತೆ ಕಿಟಕಿ ಕಟ್ಟೆಗೇ ಇಟ್ಟರು. ನಮ್ಮ ಕನ್ನಡದ ಅಂಕಲ್ ಆಂಟಿಯರೇನು ಕಡಿಮೆಯೇ? ಬ್ಯಾಂಕಿನವರು, ಪ್ರೊಫೆಸರುಗಳು, ಓದು ಅರೆದು ಕುಡಿದವರು. ಒಬ್ಬ ಆಂಟಿ ಫೋನ್ ಮಾಡಿ, "ನೀವು ರೆಸ್ಟ್ ತಗೊಳ್ಳಿ, ಫುಲ್ ರಿಕವರ್ ಆದ್ಮೇಲೆ ಮೀಟ್ ಆಗೋಣ" ಎಂದು ಜೇನು ಸುರಿಸಿದರು. ಆ ವರ್ಷದ ಗೌರಿ ಹಬ್ಬಕ್ಕೆ ನಮ್ಮ ಮನೆಗೆ ಅರಿಸಿನ ಕುಂಕುಮಕ್ಕೆ ಒಬ್ಬರೂ ಬರಲಿಲ್ಲ. ಅಮ್ಮ ಸಂಜೆಯವರೆಗೆ ರೇಷ್ಮೆ ಸೀರೆ ಬಿಚ್ಚದೆ ಕೂತಿದ್ದಳು.

ಮಾತ್ರೆಯನ್ನು ನರ್ಸ್ ಎದುರಿಗೇ ನುಂಗಬೇಕು ಎನ್ನುವುದು ಕ್ಲಿನಿಕ್ಕಿನ ನಿಯಮ. ದಿನಾ ಅಲ್ಲಿಗೆ ಹೋಗುವ ಶಕ್ತಿ ಅಮ್ಮನಿಗೆ ಇರಲಿಲ್ಲ. ನಮ್ಮದೇ ಬ್ಲಾಕಿನ ಎರಡನೇ ಮಹಡಿಯಲ್ಲಿದ್ದ ಮಿರಿಯಂ ಆಂಟಿಗೆ ಕ್ಲಿನಿಕ್ಕಿನವರು ಆ ಕೆಲಸ ಒಪ್ಪಿಸಿದರು. ನಿವೃತ್ತ ನರ್ಸ್, ಯಹೂದಿ ಹೆಂಗಸು, ಸಣಕಲು ಮೈ, ಗಂಟಲು ಮಾತ್ರ ಇಡೀ ಕಾರಿಡಾರಿಗೆ ಕೇಳುವಂಥದ್ದು. ಎಂಟು ಗಂಟೆಗೆ ಸರಿಯಾಗಿ ಬರುತ್ತಿದ್ದರು. ಅಮ್ಮ ಮಾತ್ರೆ ನುಂಗಿದ ಮೇಲೆ "ಟಂಗ್ ಅಪ್, ಲಾ!" ಎಂದು, ಇಲ್ಲಿನವರ ಮಾತಿನ ಬಾಲವಾದ ಆ 'ಲಾ' ಸೇರಿಸಿ, ನಾಲಿಗೆ ಎತ್ತಿಸಿ, ಬಗ್ಗಿ ನೋಡಿ, ಕಾರ್ಡಿನಲ್ಲಿ ಗುರುತು ಹಾಕುತ್ತಿದ್ದರು. ಅಮ್ಮನ ಮುಖಕ್ಕೆ ಅಷ್ಟು ಹತ್ತಿರ ಮುಖ ತಂದವರು ಆ ದಿನಗಳಲ್ಲಿ ಅವರೊಬ್ಬರೇ. ಆದರೆ ಅಜ್ಜಿ ಕಾಫಿ ಕೊಟ್ಟರೆ ಮುಟ್ಟುತ್ತಿರಲಿಲ್ಲ. ನೀರು ಕೊಟ್ಟರೂ ಬೇಡ ಎನ್ನುತ್ತಿದ್ದರು. ಅಮ್ಮ ಅದನ್ನು ಗಮನಿಸುತ್ತಿದ್ದಳು. ಊರಿಗೆಲ್ಲ ಬೇಡವಾದವಳಿಗೆ ಇದೂ ಅದೇ ಎನಿಸಿದ್ದರಲ್ಲಿ ಆಶ್ಚರ್ಯವೇನು?

ಶಾಲೆಗೆ ರಜೆಯಿದ್ದ ಒಂದು ಬೆಳಗ್ಗೆ ಅಮ್ಮ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟಳು, ನಿಮಗೂ ನಮ್ಮ ಮನೆಯ ನೀರೆಂದರೆ ಹೆದರಿಕೆಯೇ ಎಂದು. ಮಿರಿಯಂ ಆಂಟಿ ಮೊದಲು ಕಕ್ಕಾಬಿಕ್ಕಿಯಾದರು, ಆಮೇಲೆ ಹಣೆ ಚಚ್ಚಿಕೊಂಡರು. ಅವರದೂ ಮಡಿಯೇ, ಆದರೆ ಬೇರೆ ಬಗೆಯದು. ಬೇರೆಯವರ ಅಡುಗೆಮನೆಯ ಲೋಹದ ಪಾತ್ರೆ ಅವರಿಗೆ ಆಗದು, ಅದು ಹಿಂದೆ ಹಾಕಿದ್ದನ್ನೆಲ್ಲ ಹೀರಿಕೊಂಡಿರುತ್ತದಂತೆ. ಗಾಜಾದರೆ ಸರಿ, ಗಾಜು ಏನನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ. ಹಾಗೆನ್ನುತ್ತಲೇ ಎದ್ದು ಹೋಗಿ, ಕಿಟಕಿ ಕಟ್ಟೆಯ ಲೋಟಕ್ಕೆ ಕೈ ಹಾಕಿದರು.

"ಅಯ್ಯೋ, ಅದು ಅವಳ್ದು! ಹೇಳೇ ಅವ್ರಿಗೆ!" ಎಂದು ಅಜ್ಜಿ ನನ್ನನ್ನು ತಿವಿದರು.

"ಆಂಟಿ, ದಟ್ ಒನ್ ಅಮ್ಮಾಸ್" ಎಂದೆ ನಾನು. ಹೌದು, ನಾನೇ ಹೇಳಿದೆ.

"ಐ ನೋ, ಲಾ" ಎಂದವರೇ ಲೋಟ ತೊಳೆದು, ನಲ್ಲಿ ನೀರು ಹಿಡಿದು, ಅಮ್ಮನ ಪಕ್ಕ ಮಂಚದ ಮೇಲೆಯೇ ಕೂತು, ತುಟಿಯಿಟ್ಟು ಕುಡಿದರು. ಕುಡಿಯುತ್ತಾ ತಮ್ಮ ಅಜ್ಜಿಯ ಕಥೆ ಹೇಳಿದರು. ದೂರದ ಯಾವುದೋ ಚಳಿಯ ಬೆಟ್ಟದೂರಿನಲ್ಲಿ ಯಹೂದಿಗಳು ತಮ್ಮ ಬಡವರಿಗಾಗಿ ಕಟ್ಟಿಸಿದ ಕ್ಷಯದ ಆಸ್ಪತ್ರೆಗೆ ಆಕೆ ರೋಗಿಯಾಗಿ ಹೋದದ್ದು, ಗುಣವಾದ ಮೇಲೆ ಅಲ್ಲೇ ನರ್ಸಾಗಿ ನಿಂತದ್ದು. ಊಟದ ಹೊತ್ತಿಗೆ ಆಕೆ ರೋಗಿಗಳ ಮೇಜಿನಲ್ಲೇ ಕೂರುತ್ತಿದ್ದಳಂತೆ, ಇಲ್ಲದಿದ್ದರೆ ಅವರಿಗೆ ತುತ್ತು ಇಳಿಯುತ್ತಿರಲಿಲ್ಲವಂತೆ. ಲೋಟದಲ್ಲಿ ಇನ್ನೊಂದು ಗುಟುಕು ಉಳಿದಿತ್ತು. ಅದನ್ನು ನನ್ನ ಕಡೆ ಚಾಚಿ, ಕುಡೀತೀಯಾ ಎನ್ನುವಂತೆ ಹುಬ್ಬು ಹಾರಿಸಿದರು. ನಾನು ಅಜ್ಜಿಯ ಮುಖ ನೋಡಿದೆ. ಒಂದು ಹೆಜ್ಜೆ ಹಿಂದೆ ಸರಿದೆ. ಅಮ್ಮ ನಕ್ಕು, ಲೋಟವನ್ನು ತಾನೇ ತೆಗೆದುಕೊಂಡು, ಆ ಗುಟುಕನ್ನು ಎತ್ತಿ ಬಾಯಿಗೆ ಸುರಿದುಕೊಂಡಳು. ತನ್ನದೇ ಲೋಟಕ್ಕೆ ತನ್ನ ತುಟಿ ತಾಗಿಸಲಿಲ್ಲ.

ಅಮ್ಮ ಪೂರ್ತಿ ವಾಸಿಯಾದಳು. ಅಜ್ಜಿ ಮೈಸೂರಿಗೆ ಮರಳಿದರು, ಆಂಟಿಯರು ಏನೂ ಆಗಿಲ್ಲವೆಂಬಂತೆ ಬರತೊಡಗಿದರು, ಅಮ್ಮ ಅವರಿಗೆಲ್ಲ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟಳು. ತಾನು ಮಾತ್ರ ಆ ಗಾಜಿನ ಲೋಟ ಬಿಡಲಿಲ್ಲ. ಎಷ್ಟೋ ವರ್ಷಗಳ ನಂತರ ನನ್ನ ಮಗಳು ತೊದಲು ನುಡಿಯುತ್ತಾ ಅದಕ್ಕೆ ಕೈಚಾಚಿದಾಗ ಅಮ್ಮ ಬೆಂಕಿಯಿಂದ ಕಿತ್ತುಕೊಳ್ಳುವಂತೆ ಕಿತ್ತುಕೊಂಡಳು. "ಬೇಡ ಪುಟ್ಟಿ, ಅದು ಅಜ್ಜಿದು." ಎದೆಯ ರೋಗವನ್ನು ಮಾತ್ರೆ ಕಳೆದಿತ್ತು. ಈ ಹೆದರಿಕೆಯನ್ನು ಅವಳೊಳಗೆ ಇಟ್ಟವರು ನಾವು, ಮನೆಯವರು. ಅಜ್ಜಿಯ ಮೇಲೆ, ಆ ಓದಿದ ಮಂದಿಯ ಮೇಲೆ ಎಷ್ಟು ಹರಿಹಾಯ್ದರೂ ಕೊನೆಗೆ ನನ್ನ ಸಿಟ್ಟು ಆ ಒಂದು ಹೆಜ್ಜೆಗೇ ಬಂದು ನಿಲ್ಲುತ್ತದೆ. ನಿಮ್ಮ ಮನೆಯ ಅಟ್ಟದಲ್ಲೂ ಯಾರದೋ ಹೆಸರಿನ ಬೇರೆ ಲೋಟವೊಂದು ಇದ್ದೀತು, ಒಮ್ಮೆ ಇಳಿಸಿ ನೋಡಿ.

ಮಿರಿಯಂ ಆಂಟಿ ಹೋದರು. ಹೋದ ವರ್ಷ ಅಮ್ಮನೂ ಹೋದಳು. ಈಗ ಆಂಗ್ ಮೋ ಕಿಯೋದ ಆ ಬ್ಲಾಕನ್ನೂ ಕೆಡವುತ್ತಿದ್ದಾರೆ. ಲೋಟ ನನ್ನ ಮನೆಯಲ್ಲಿದೆ, ಸ್ಟೀಲ್ ಲೋಟಗಳ ಸಾಲಿನಲ್ಲೇ. ಬೆಳಗ್ಗೆ ಎಂಟಕ್ಕೆ ಅದರಲ್ಲಿ ನೀರು ಕುಡಿಯುತ್ತೇನೆ, ತುಟಿಯಿಟ್ಟು, ಕೊನೆಯ ಗುಟುಕಿನವರೆಗೂ. ನೋಡಬೇಕಾದವಳು ಇಲ್ಲ.