ಎಡಗೈಯಲ್ಲಿ ಬರೆದ ಅರ್ಜಿ

ಕೊರೊನಾ ಮುಗಿದು ಎರಡನೆಯ ಬೇಸಿಗೆ. ಆಗ ನನಗೆ ಅರವತ್ತೆಂಟು. ಬ್ಯಾಡಗಿಯ ತಾಲೂಕು ಕಚೇರಿಯ ಎದುರು ಬೇವಿನ ಮರದ ಕೆಳಗೆ ಕುಳಿತು ಮೂವತ್ತು ವರ್ಷ ಜನರ ಅರ್ಜಿ ಬರೆದವನು ನಾನು. ಓದಿದ್ದು ಎಸ್ಸೆಸ್ಸೆಲ್ಸಿ ಮಾತ್ರ, ಆದರೆ ಅಕ್ಷರ ದುಂಡಗೆ. ಎಲ್ಲರೂ ಕಂಪ್ಯೂಟರಿಗೆ ಹೋದ ಮೇಲೂ ಕೆಲವು ಹಳೆಯ ಗಿರಾಕಿಗಳು ಮನೆಗೇ ಬಂದು ಬರೆಸಿಕೊಂಡು ಹೋಗುತ್ತಿದ್ದರು. ಆ ವರ್ಷ ಯಾರೂ ಕೇಳದೆಯೇ ಒಂದು ಅರ್ಜಿ ಬರೆದೆ. ಅದರ ಬಗ್ಗೆ ಇದುವರೆಗೆ ಹೆಂಡತಿಗೂ ಹೇಳಿಲ್ಲ.

ನಮ್ಮ ಮನೆಯ ಎದುರಿಗೇ ಎಸ್ತರವ್ವನ ಮನೆ. ಅವಳು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವವಳು. ಇಪ್ಪತ್ತು ಹೆಣ್ಣುಮಕ್ಕಳ ಗುಂಪಿಗೆ ಅವಳೇ ಹಿರಿಯಳು. ಪ್ರತಿ ರವಿವಾರ ಅವಳ ಪಡಸಾಲೆಯಲ್ಲಿ ಪ್ರಾರ್ಥನೆ. ಮೊದಲು ಐದಾರು ಮನೆಯವರಿದ್ದರು. ಆಮೇಲೆ ಕರ್ಜಗಿಯಿಂದ, ಹಲಗೇರಿಯಿಂದ ಬಸ್ಸು ಹಿಡಿದು ಬರತೊಡಗಿದರು. ಪಾಸ್ಟರ್ ರಾಣೆಬೆನ್ನೂರಿನಿಂದ ಬೈಕಿನಲ್ಲಿ ಬರುತ್ತಿದ್ದರು. ಪಡಸಾಲೆ ತುಂಬಿ, ಅಂಗಳ ತುಂಬಿ, ತಡವಾಗಿ ಬಂದವರು ನಮ್ಮ ಕಟ್ಟೆಯ ಮೇಲೆ ಕುಳಿತು ಹಾಡುತ್ತಿದ್ದರು. ನನ್ನ ಹೆಂಡತಿ ಗಿರಿಜವ್ವ ಅವರಿಗೆ ನೀರು ಕೊಡುತ್ತಿದ್ದಳು. ಅವರಿಂದ ನಮಗೆ ಯಾವ ತಕರಾರೂ ಇರಲಿಲ್ಲ.

ತಕರಾರು ಹುಟ್ಟಿದ್ದು ಜಾಗದಿಂದ. ನಮ್ಮ ಮನೆಯ ಬಾಜು ಒಂದು ಖಾಲಿ ಜಾಗವಿತ್ತು. ಅದರ ಮಾಲೀಕರು ಹಾವೇರಿಯಲ್ಲಿದ್ದರು. ಇಪ್ಪತ್ತು ವರ್ಷ ನಾನು ಎಮ್ಮೆ ಕಟ್ಟಿದ್ದು, ಕಾಯಿ ಒಣಗಿಸಿದ್ದು, ಮಗಳ ಮದುವೆಯ ಹಂದರ ಹಾಕಿದ್ದು ಎಲ್ಲ ಅಲ್ಲೇ. ಕಾಗದದಲ್ಲಿ ನನ್ನದಲ್ಲದಿದ್ದರೂ ಮನಸ್ಸಿನಲ್ಲಿ ನನ್ನದೇ ಆಗಿತ್ತು. ಒಂದು ದಿನ ಎಸ್ತರವ್ವ ಪೇಢೆ ತಂದು ಕೊಟ್ಟು, ಆ ಜಾಗ ಚರ್ಚಿಗೆ ಖರೀದಿಯಾಯಿತು ಎಂದಳು. ಪೇಢೆ ತಿಂದು, ಚೊಲೊ ಆತು ಅಂದೆ. ಮರುದಿನ ಎಮ್ಮೆಯ ಗೂಟ ಕಿತ್ತವನು ಅದನ್ನು ಸಿಟ್ಟಿನಿಂದ ಮೂಲೆಗೆ ಎಸೆದೆ.

ಕಟ್ಟಡ ಶುರುವಾಯಿತು. ಎಸ್ತರವ್ವನ ಗುಂಪಿನ ಹೆಣ್ಣುಮಕ್ಕಳು ದಿನದ ಕೆಲಸ ಮುಗಿದ ಮೇಲೆ ಇನ್ನೊಂದು ತಾಸು ಕುಳಿತು ಕಾಯಿ ಬಿಡಿಸುತ್ತಿದ್ದರು. ಆ ಒಂದು ತಾಸಿನ ಕೂಲಿ ಕಟ್ಟಡಕ್ಕೆ. ಬೆರಳು ಉರಿಯುತ್ತವೆ ಎಂದು ಮನೆಗೆ ಹೋಗುವಾಗ ಗಿರಿಜವ್ವನ ಹತ್ತಿರ ಮಜ್ಜಿಗೆ ಇಸಿದುಕೊಂಡು ಕೈಗೆ ಸುರಿದುಕೊಳ್ಳುತ್ತಿದ್ದರು. ಬುನಾದಿ ಮುಗಿದು ಗೋಡೆ ಮೊಳಕಾಲೆತ್ತರ ಬಂತು. ಸಿಮೆಂಟಿನ ಚೀಲಗಳು ಬಂದು ತಗಡಿನ ಕೆಳಗೆ ಕುಳಿತವು.

ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಪುರಸಭೆಗೆ ಮೂಗರ್ಜಿ ಬರೆದೆ. ನನ್ನ ಅಕ್ಷರ ಊರಿಗೆಲ್ಲ ಗೊತ್ತು. ಅದಕ್ಕೇ ಎಡಗೈಯಲ್ಲಿ ಬರೆದೆ. ಒಂದು ಪುಟಕ್ಕೆ ಎರಡು ತಾಸು ಹಿಡಿಯಿತು. ಸದರಿ ಜಾಗದಲ್ಲಿ ಸಾರ್ವಜನಿಕರ ಹಾದಿ ಇದೆ, ಅದನ್ನು ಮುಚ್ಚಿ ಕಟ್ಟುತ್ತಿದ್ದಾರೆ, ಆದ್ದರಿಂದ ಪರವಾನಿಗೆ ರದ್ದು ಮಾಡಬೇಕು ಎಂಬುದು ಅದರ ಒಕ್ಕಣೆ. ಕೆಳಗೆ ಹೆಸರಿಲ್ಲ, ‘ಓಣಿಯ ನಾಗರಿಕರು’ ಅಷ್ಟೇ. ಅಲ್ಲಿ ಹಾದಿ ಎಂದೂ ಇರಲಿಲ್ಲ. ಅದು ನನಗಿಂತ ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ.

ಹದಿನೈದು ದಿನಕ್ಕೆ ಪುರಸಭೆಯಿಂದ ಎಸ್ತರವ್ವನಿಗೆ ನೋಟೀಸು ಬಂತು. ವಿಚಾರಣೆ ಆಗುವವರೆಗೆ ಕೆಲಸ ನಿಲ್ಲಿಸಬೇಕು, ಅರ್ಜಿಗೆ ಉತ್ತರ ಕೊಡಬೇಕು.

ಆ ನೋಟೀಸು ಹಿಡಿದುಕೊಂಡು ಎಸ್ತರವ್ವ ಬಂದದ್ದು ನನ್ನ ಹತ್ತಿರವೇ. ಜೊತೆಗೆ ಮೂಗರ್ಜಿಯ ಝೆರಾಕ್ಸ್ ಇತ್ತು. ಮೊದಲು ಓದಿ ಹೇಳಬೇಕು, ಆಮೇಲೆ ಉತ್ತರ ಬರೆದುಕೊಡಬೇಕು ಎಂದಳು. ನನ್ನ ಅರ್ಜಿಯನ್ನು ನಾನೇ ಗಟ್ಟಿಯಾಗಿ ಓದಿದೆ. ಒಳಗಿನಿಂದ ಕೇಳಿಸಿಕೊಂಡ ಗಿರಿಜವ್ವ, ಇದನ್ನು ಬರೆದ ಕೈಗೆ ಹುಳ ಬೀಳಲಿ ಎಂದು ಶಾಪ ಹಾಕಿದಳು.

“ಬೈಬ್ಯಾಡ್ರಿ ಅವ್ವಾರ,” ಎಂದಳು ಎಸ್ತರವ್ವ. “ಅಕ್ಷರ ನೋಡ್ರಿ, ಪಾಪ, ಕೈ ನಡುಗೂ ಮನಿಷಾ ಇದ್ದಂಗ ಐತಿ.”

ಬಲಗೈಯಲ್ಲಿ ಉತ್ತರ ಬರೆದೆ. ಆ ದಿನ ನನ್ನ ವಿದ್ಯೆಯನ್ನೆಲ್ಲ ಅದಕ್ಕೆ ಸುರಿದೆ ಎಂದರೆ ನಂಬಬೇಕು. ನನ್ನ ಸುಳ್ಳನ್ನು ಎಲ್ಲಿ ಹಿಡಿಯಬೇಕೆಂದು ನನಗೆ ಗೊತ್ತಿತ್ತಲ್ಲ. ಎಸ್ತರವ್ವ ಕಲಿತದ್ದು ನಾಲ್ಕನೆಯ ಇಯತ್ತೆ. ಬೈಬಲ್ಲನ್ನು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದುವವಳು. ನನ್ನ ಉತ್ತರವನ್ನೂ ಹಾಗೆಯೇ ಓದುತ್ತ ಹೋಗಿ ಒಂದು ಶಬ್ದದ ಮೇಲೆ ಬೆರಳು ನಿಲ್ಲಿಸಿದಳು.

“ಇಲ್ಲೆ ಬಾಣದ ‘ಣ’ ಬರ್ತೈತೇನ್ರಿ ಕಾಕಾರ?”

“ಸರಕಾರಿ ಶಬ್ದ ಯವ್ವಾ, ಹಂಗ ಬರೀಬೇಕು,” ಅಂದೆ.

ಅವಳು ಝೆರಾಕ್ಸ್ ಪ್ರತಿಯನ್ನು ಇನ್ನೊಮ್ಮೆ ನೋಡಿದಳು. ಎಲ್ಲ ಕಾಗದಗಳನ್ನು ಸೇರಿಸಿ ಮಡಚಿಕೊಂಡು ಹೋದಳು.

ಮಳೆಗಾಲ ಕಳೆದ ಮೇಲೆ ಸ್ಥಳ ನೋಡಲು ಪುರಸಭೆಯ ಸಾಹೇಬರೊಬ್ಬರು ಬಂದರು. ಓಣಿಯ ಹಳೆಯ ಮನುಷ್ಯ ಎಂದು ನನ್ನನ್ನು ಕರೆಸಿ, ಇಲ್ಲಿ ಹಾದಿ ಇತ್ತೇ ಎಂದು ಕೇಳಿದರು. ಎಸ್ತರವ್ವ, ಪಾಸ್ಟರ್, ಅಷ್ಟೂ ಹೆಣ್ಣುಮಕ್ಕಳು ನನ್ನ ಮುಖ ನೋಡುತ್ತಿದ್ದರು. ಇಲ್ಲ ಎಂಬ ಒಂದು ಶಬ್ದ ಸಾಕಿತ್ತು.

“ನನಗ ಅಷ್ಟ ನೆನಪಿಲ್ರಿ,” ಅಂದೆ.

ಎಸ್ತರವ್ವ ತಲೆ ತಗ್ಗಿಸಿದಳು. ಹಳೆಯ ನಕಾಶೆ ತೆಗೆಸಿ ನೋಡುವಷ್ಟರಲ್ಲಿ ಇನ್ನೂ ನಾಲ್ಕು ತಿಂಗಳು ಹೋದವು. ನಕಾಶೆಯಲ್ಲಿ ಹಾದಿ ಇರಲಿಲ್ಲ.

ಕೆಲಸ ಮತ್ತೆ ಶುರುವಾದ ದಿನ ಗೌಂಡಿ ತಗಡು ತೆಗೆದು ಸಿಮೆಂಟಿನ ಚೀಲವನ್ನು ಕೈಯಿಂದ ಬಡಿದ. ಕಲ್ಲಿನ ಸಪ್ಪಳ ಬಂತು. ಒಂದೊಂದನ್ನೇ ಬಡಿದು ನೋಡಿದ. ತೇವ ಹಿಡಿದು ಎಲ್ಲ ಕಲ್ಲಾಗಿದ್ದವು. ಹೆಣ್ಣುಮಕ್ಕಳು ಯಾರೂ ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಒಬ್ಬಳು ಮಾತ್ರ ನಮ್ಮ ಬಾಗಿಲಿಗೆ ಬಂದು ಗಿರಿಜವ್ವನಿಗೆ ಹೇಳಿದಳು: “ಇನ್ನೊಂದಷ್ಟ ದಿನ ಮಜ್ಜಿಗಿ ಕೊಡಬೇಕಾಗ್ತೈತ್ರಿ ಅವ್ವಾರ.”

ನಾನು ಎದ್ದು ಹಿತ್ತಲಿಗೆ ಹೋದೆ.

ಮತ್ತೊಂದು ವರ್ಷ ಹಿಡಿದು ಚರ್ಚು ಮುಗಿಯಿತು. ಕಲ್ಲಾದ ಚೀಲಗಳನ್ನು ಅವರು ಎಸೆಯಲಿಲ್ಲ. ನನ್ನ ಮನೆಯ ಗೋಡೆಯ ಗುಂಟ ಸಾಲಾಗಿ ಜೋಡಿಸಿ ಕುಳಿತುಕೊಳ್ಳಲು ಕಟ್ಟೆ ಮಾಡಿದರು. ಒಂದು ಮುಂಜಾನೆ ನಾನು ಅದರ ಮೇಲೆ ಕುಳಿತಿದ್ದಾಗ ಎಸ್ತರವ್ವ ದೊಡ್ಡದೊಂದು ಹಾಳೆ ತಂದಳು. ಬಾಗಿಲ ಬದಿಯ ಕಲ್ಲಿನ ಮೇಲೆ ಕೆತ್ತಿಸಲು ಅಕ್ಷರ ಬರೆದುಕೊಡಬೇಕಂತೆ. ಈಗ ಕೈ ನಡುಗುತ್ತದೆ, ಕಂಪ್ಯೂಟರಿನಲ್ಲಿ ಮಾಡಿಸು ಎಂದೆ.

“ನೀವ ಬರೀರಿ ಕಾಕಾರ. ಬಲಗೈಲೆ ಬರೀರಿ,” ಎಂದಳು. ನಾನು ತಲೆ ಎತ್ತುವಷ್ಟರಲ್ಲಿ ಮತ್ತೆ ಅಂದಳು: “ಇದರಾಗ ಪರವಾನಿಗೆ ಅನ್ನೂ ಶಬ್ದ ಇಲ್ಲ. ತಪ್ಪಾಗೂದಿಲ್ಲ.”

ಸಾಲೆಗೆ ಹೋಗುವಾಗಿನಿಂದಲೂ ನಾನು ಆ ಶಬ್ದವನ್ನು ‘ಪರವಾಣಿಗೆ’ ಎಂದೇ ಬರೆಯುತ್ತಿದ್ದೆ. ಮೂವತ್ತು ವರ್ಷದಲ್ಲಿ ಯಾರೂ ತಿದ್ದಿರಲಿಲ್ಲ. ಅಕ್ಷರ ಅಡಗಿಸಲು ಕೈ ಬದಲಾಯಿಸಿದೆನೇ ಹೊರತು ತಪ್ಪು ಬದಲಾಗಿರಲಿಲ್ಲ. ನೋಟೀಸಿನಲ್ಲಿ ‘ನ’, ಮೂಗರ್ಜಿಯಲ್ಲಿ ‘ಣ’, ನನ್ನ ಉತ್ತರದಲ್ಲಿ ‘ಣ’. ಅವಳ ಬೆರಳು ಅಂದೇ ನನ್ನನ್ನು ಹಿಡಿದಿತ್ತು.

ಗೊತ್ತಾದ ಮೇಲೂ ನನ್ನ ಉತ್ತರವನ್ನೇ ಯಾಕೆ ಕೊಟ್ಟೆ ಎಂದು ಕೇಳಿದೆ.

“ನಿಮ್ಮ ಅರ್ಜಿಗೆ ಉತ್ತರಾ ನಿಮಗಿಂತ ಚೊಲೊ ಯಾರ ಬರೀತಾರ್ರಿ?” ಎಂದು ನಕ್ಕಳು. ಆಮೇಲೆ ನಗಲಿಲ್ಲ. “ಬರದದ್ದಕ್ಕ ಸಿಟ್ಟಿಲ್ರಿ. ಸಾಹೇಬ್ರು ಕೇಳಿದಾಗ ‘ಇಲ್ಲ’ ಅಂದಿದ್ರ ಸಾಕಿತ್ತು. ಅವತ್ತ ನಿಮ್ಮ ಬಾಯಿ ನೋಡ್ಕೋತ ನಿಂತಿದ್ದೆ.”

ನನ್ನದು ತಪ್ಪಾಯಿತು ತಂಗಿ ಎಂದೆ. ಅದನ್ನು ತನ್ನೊಬ್ಬಳಿಗೆ ಹೇಳಿದರೆ ಸಾಲದು, ಕೈ ಉರಿಸಿಕೊಂಡವರು ಇಪ್ಪತ್ತು ಮಂದಿ ಇದ್ದಾರೆ ಎಂದಳು. ತಾನು ಪಾಸ್ಟರಿಗೂ ಹೇಳಿಲ್ಲ, ಹೇಳುವುದು ಬಿಡುವುದು ನನಗೆ ಬಿಟ್ಟದ್ದು ಎಂದಳು. ಅಕ್ಷರ ಬರೆದುಕೊಟ್ಟೆ. ಆ ಕಲ್ಲು ಈಗಲೂ ಬಾಗಿಲ ಬದಿಗಿದೆ. ಬಂದವರೆಲ್ಲ ಅಕ್ಷರ ಎಷ್ಟು ಚೆಂದ ಎನ್ನುತ್ತಾರೆ.

ಆ ಮುಂಜಾನೆಯಿಂದ ಇವತ್ತಿನವರೆಗೆ ಹೇಳಲು ನನಗೆ ಬಾಯಿ ಬಂದಿಲ್ಲ. ಆ ಹೆಣ್ಣುಮಕ್ಕಳು ರವಿವಾರ ಆ ಕಟ್ಟೆಯ ಮೇಲೆ ಕುಳಿತು, ಆರಾಮ ಅದೀರೇನ್ರಿ ಕಾಕಾರ ಎಂದು ಕೇಳುತ್ತಾರೆ. ಪ್ರತಿ ಸಲ ಆರಾಮ ಎನ್ನುತ್ತೇನೆ. ಬಾಯಿಂದ ಆಗದ್ದು ಬರಹದಿಂದಲಾದರೂ ಆಗಲಿ ಎಂದು ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ಅಚ್ಚಾದರೆ ಮುಂದಿನ ರವಿವಾರ ಅದೇ ಕಟ್ಟೆಯ ಬಳಿ ನಿಂತು ಇಪ್ಪತ್ತು ಮಂದಿಗೂ ನಾನೇ ಓದಿ ಹೇಳುತ್ತೇನೆ. ಅದಕ್ಕೂ ಮೊದಲು ಗಿರಿಜವ್ವನಿಗೆ ಓದಬೇಕು. ನನ್ನ ಕೈಗೆ ಶಾಪ ಹಾಕಿದವಳು ಅವಳು. ಅವಳ ಮುಂದೆ ಕುಳಿತು ಓದುವುದೇ ಎಲ್ಲಕ್ಕಿಂತ ಕಷ್ಟ.

ಮೂಗರ್ಜಿಗೆ ಹೆಸರಿರಲಿಲ್ಲ. ಇದಕ್ಕೆ ಹಾಕಿದ್ದೇನೆ.

ಫಕ್ಕೀರಪ್ಪ, ಬ್ಯಾಡಗಿ